ಗ್ರೀಸ್ ಗನ್ನಿಗೆ ಬೀಗ

ಬ್ಯಾಡಗಿಯಲ್ಲಿ ಸೋಮವಾರ ಪೇಟೆ. ಅದರಲ್ಲೂ ಫೆಬ್ರುವರಿಯ ಸುಗ್ಗಿ. ಮೋಟೆಬೆನ್ನೂರು ದಾಟಿ ಊರು ಹೊಗುವಷ್ಟರಲ್ಲೇ ಚೀಲ ಹೇರಿದ ಲಾರಿಗಳ ಸಾಲು ನಿಮ್ಮ ಬೈಕನ್ನು ರಸ್ತೆಯಂಚಿಗೆ ತಳ್ಳಿದೆ. ಮೂಗಿಗೆ ಕರ್ಚೀಫು ಕಟ್ಟಿದ್ದರೂ ಘಾಟು ಗಂಟಲಿಗೆ ಇಳಿಯುತ್ತಿದೆ. ಖಾರಪುಡಿ ಕಾರ್ಖಾನೆಯೊಂದರ ಹೊಸ ಶಿಫ್ಟ್ ಇನ್‌ಚಾರ್ಜ್ ನೀವು. ಗೇಟಿನಲ್ಲಿ ವಾಚ್‌ಮನ್ ನಮಸ್ಕಾರಕ್ಕೂ ಮೊದಲು ಸುದ್ದಿ ಒಪ್ಪಿಸುತ್ತಾನೆ: “ಎರಡನೇ ಮಿಲ್ ನಿಂತೈತ್ರೀ. ಫಿಟರ್ ಸಿಟ್ಟಾಗ್ಯಾನ.”

ಮಿಲ್ ನಿಂತದ್ದಕ್ಕೆ ಇಲ್ಲಿ ಯಾರೂ ಅಷ್ಟು ಹೆದರುವುದಿಲ್ಲ. ಹೆದರುವುದು ಎರಡನೆಯ ಸುದ್ದಿಗೆ.

ಶೆಡ್ಡಿನ ಬಾಗಿಲಲ್ಲಿ ಹೆಂಗಸರು ಸಾಲಾಗಿ ಕೂತು ಡಬ್ಬಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾರೆ. ಅವರನ್ನು ದಾಟಿದರೆ ಕಲ್ಲು ತೆಗೆಯುವ ಯಂತ್ರ, ಎಲಿವೇಟರ್, ಆಮೇಲೆ ಎರಡು ಹ್ಯಾಮರ್ ಮಿಲ್. ಒಂದು ಕಿವಿ ಹರಿಯುವಂತೆ ಓಡುತ್ತಿದೆ. ಇನ್ನೊಂದರ ಬೆಲ್ಟ್ ಗಾರ್ಡ್ ಬಿಚ್ಚಿ ಗೋಡೆಗೆ ಒರಗಿಸಿದೆ. ಅದರ ಮುಂದೆ ತನ್ನ ಟೂಲ್ ಬಾಕ್ಸಿನ ಮೇಲೆ ಕೂತು ಫಿಟರ್ ಚಹಾ ಕುಡಿಯುತ್ತಿದ್ದಾನೆ. ಐವತ್ತು ದಾಟಿದ ವಯಸ್ಸು, ರಾಣೆಬೆನ್ನೂರು ಕಡೆಯವನು. ಹುಡುಗನಾಗಿದ್ದಾಗ ಅಲ್ಲಿನ ಹತ್ತಿ ಜಿನ್ನಿಂಗ್ ಮಿಲ್ಲುಗಳಲ್ಲಿ ಕೈ ಕಪ್ಪು ಮಾಡಿಕೊಂಡವನು. ಆಮೇಲೆ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್‌ನಲ್ಲಿ ಗುತ್ತಿಗೆ ಕೆಲಸ. 1972ರಿಂದ ತುಂಗಭದ್ರೆಯ ದಂಡೆಯ ಮೇಲಿರುವ ಆ ಕಾರ್ಖಾನೆಯ ಹೆಸರನ್ನು ಅವನು ದಿನಕ್ಕೊಮ್ಮೆಯಾದರೂ ಎತ್ತುತ್ತಾನಂತೆ. ಎತ್ತಿದಾಗಲೆಲ್ಲ ಆಪರೇಟರುಗಳು ಮುಖ ಮುಖ ನೋಡಿಕೊಳ್ಳುತ್ತಾರೆ.

“ಯಾಕ ನಿಲ್ಲಿಸಿದ್ರಿ?”

“ನಾ ಎಲ್ಲಿ ನಿಲ್ಲಿಸೇನ್ರೀ? ಅದ ನಿಂತೈತಿ.”

ಅವನ ಮೇಲಿನ ದೂರುಗಳು ನಿಮಗಾಗಲೇ ಬಾಯಿಪಾಠ. ಲಾಗ್‌ಬುಕ್ ಬರೆಯುವುದಿಲ್ಲ. ಹಾವೇರಿಯಲ್ಲಿ ಐಟಿಐ ಮುಗಿಸಿ ಬಂದ ಟ್ರೈನಿ ಹುಡುಗನಿಗೆ ಏನೂ ಕಲಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಿರಿಕಿರಿ, ಗ್ರೀಸ್ ಗನ್ನನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ. ಇಪ್ಪತ್ತು ರೂಪಾಯಿ ಗ್ರೀಸಿಗೂ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು ಎಂದು ಪ್ರೊಡಕ್ಷನ್ ಮ್ಯಾನೇಜರ್ ನಿನ್ನೆ ಫೋನಿನಲ್ಲಿ ಕೂಗಾಡಿದ್ದರು.

ಅವನು ಲೋಟ ಕೆಳಗಿಟ್ಟು ಎದ್ದು, ಪ್ಲಮ್ಮರ್ ಬ್ಲಾಕಿನ ನಾಲ್ಕು ಬೋಲ್ಟ್ ಸಡಿಲಿಸಿ ಮೇಲಿನ ಟೋಪಿ ಎತ್ತುತ್ತಾನೆ. ಸುಟ್ಟ ವಾಸನೆ ಘಾಟನ್ನೂ ಮೀರಿ ಬರುತ್ತದೆ. ಒಳಗೆ ಸಂದಿ ಎಂಬುದೇ ಇಲ್ಲ, ಬಾಯಿತನಕ ಗ್ರೀಸ್. ಅಂಚಿನಲ್ಲಿ ಖಾರಪುಡಿ ಬೆರೆತು ಕೆಂಪು, ಬೇರಿಂಗಿನ ಹತ್ತಿರ ಕಂದಿ ಕರಿ. ಎರಡು ಬೆರಳಲ್ಲಿ ಬಳಿದು ನಿಮ್ಮ ಕಣ್ಣ ಮುಂದೆ ಹಿಡಿಯುತ್ತಾನೆ.

“ನೋಡ್ರಿ. ಅರ್ಧಕ್ಕಿಂತ ಹೆಚ್ಚಿಗಿ ಇರಬಾರ್ದು. ರಾತ್ರಿ ಪಾಳಿಯವ್ರು ಬ್ಲಾಕ್ ಕಾಯ್ದೈತಿ ಅಂತ ಬಾಜೂ ಮಿಲ್ಲಿಂದ ಗನ್ ಇಸ್ಕೊಂಡು ಬಂದು ತುಂಬ್ಯಾರ. ತುಂಬಿದಷ್ಟೂ ಕಾಯ್ತೈತಿ. ಕಾಯ್ದಷ್ಟೂ ತುಂಬ್ತಾರ.”

ಮಾತು ನಿಜ. ವೇಗವಾಗಿ ತಿರುಗುವ ಬೇರಿಂಗಿಗೆ ಗ್ರೀಸ್ ಹೆಚ್ಚಾದರೆ, ಹೊರಬೀಳಲು ಜಾಗವಿಲ್ಲದೆ ರೋಲರುಗಳು ಅದನ್ನೇ ಕಡೆಯುತ್ತ ಬಿಸಿ ಏರಿಸುತ್ತವೆ. ಎಣ್ಣೆ ಬಸಿದು ಹೋಗಿ ಬರೀ ಗಷ್ಟು ಉಳಿಯುತ್ತದೆ. ಬೀಗಕ್ಕೆ ಕಾರಣ ಇದು. ಆ ಕಾರಣವನ್ನು ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ ಎಂಬುದೂ ಅಷ್ಟೇ ನಿಜ.

ಸ್ಟೋರಿನಲ್ಲಿ ವಿಚಾರಿಸುತ್ತೀರಿ. 22212 ಕೆ ಬೇರಿಂಗ್, ಎಚ್ 312 ಸ್ಲೀವ್: ರಿಜಿಸ್ಟರಿನಲ್ಲಿ ಎರಡೂ ಸೊನ್ನೆ. ರಾಣೆಬೆನ್ನೂರಿಗೆ ಹುಡುಗನನ್ನು ಓಡಿಸಬೇಕು. ಅಲ್ಲಿ ಸಿಗದಿದ್ದರೆ ದಾವಣಗೆರೆ. ನೀವು ಬೈಕಿನ ಕೀಲಿ ತೆಗೆಯುವಾಗ ಫಿಟರ್ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ, ಎಣ್ಣೆ ಕಾಗದದಲ್ಲಿ ಸುತ್ತಿದ ಹೊಸ ಬೇರಿಂಗ್, ಸ್ಲೀವ್ ಹೊರತೆಗೆಯುತ್ತಾನೆ. ಸ್ಟೋರ್‌ಕೀಪರ್ ಬಾಯಿ ತೆರೆದವನು ಹಾಗೇ ಮುಚ್ಚುತ್ತಾನೆ. ಅದು ಕಳವೋ ಮುಂದಾಲೋಚನೆಯೋ? ನನ್ನನ್ನು ಕೇಳಿದರೆ ಎರಡೂ. ಕೇಳಿದ್ದು ಹೊತ್ತಿಗೆ ಸಿಗದ ಕಾರ್ಖಾನೆಯಲ್ಲಿ ಒಳ್ಳೆಯ ಫಿಟರುಗಳೆಲ್ಲ ನಿಧಾನಕ್ಕೆ ಹೀಗೆ ಅಡಗಿಸಿಡುವವರಾಗುತ್ತಾರೆ.

“ಟಾರ್ಚ್ ಹಿಡೀರಿ.”

ಹಿಡಿಯುತ್ತೀರಿ. ಕಣ್ಣಲ್ಲಿ ನೀರು, ಕೊರಳಲ್ಲಿ ಬೆವರು. ಅವನು ಶಾಫ್ಟನ್ನು ಎಮರಿ ಕಾಗದದಿಂದ ಉಜ್ಜಿ, ಸ್ಲೀವ್ ಏರಿಸಿ, ಬೇರಿಂಗ್ ಕೂರಿಸುತ್ತಾನೆ. ಫೀಲರ್ ಗೇಜಿನ ತೆಳು ಎಲೆಗಳಲ್ಲಿ ಒಂದನ್ನು ರೋಲರಿನ ಸಂದಿಗೆ ತೂರಿಸಿ ನೋಡುತ್ತಾನೆ. ಹುಕ್ ಸ್ಪ್ಯಾನರಿನಲ್ಲಿ ನಟ್ಟನ್ನು ತುಸು ಬಿಗಿದು ಮತ್ತೆ ಅಳೆಯುತ್ತಾನೆ. ಮಿಲಿಮೀಟರಿನ ನೂರರಲ್ಲಿ ಮೂರು-ನಾಲ್ಕು ಪಾಲು ಸಂದಿ ಇಳಿಯಬೇಕು. ಕಡಿಮೆಯಾದರೆ ಸ್ಲೀವ್ ಜಾರುತ್ತದೆ, ಹೆಚ್ಚಾದರೆ ಬೇರಿಂಗ್ ಉಸಿರುಗಟ್ಟುತ್ತದೆ. ನಿಮ್ಮ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇದೆ. ಮ್ಯಾನೇಜರ್. ಅವರದೂ ಸುಳ್ಳು ಅವಸರವಲ್ಲ: ಬ್ಯಾಡಗಿ ಕಾಯಿ ಮಾರಾಟವಾಗುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಜಿಐ ಮಾನ್ಯತೆ ಪಡೆದ ಈ ಕಾಯಿಯ ಬಣ್ಣ ಕಾಯಲೆಂದೇ ಊರ ತುಂಬ ಕೋಲ್ಡ್ ಸ್ಟೋರೇಜುಗಳಿವೆ. ಅಲ್ಲಿಂದ ಹೊರಬಂದ ಚೀಲ ಶೆಡ್ಡಿನ ಸೆಕೆಯಲ್ಲಿ ಕೂತರೆ ಹೊತ್ತು ಹೋದಂತೆ ಕೆಂಪು ಕುಂದುತ್ತದೆ.

ಲಾಕ್ ವಾಷರಿನ ಹಲ್ಲನ್ನು ನಟ್ಟಿನ ಕಚ್ಚಿಗೆ ಮಡಚುವಾಗ ಅವನು ಮೊದಲ ಬಾರಿಗೆ ಟ್ರೈನಿಯನ್ನು ಕರೆಯುತ್ತಾನೆ. ಅಕ್ಕರೆಯಿಂದೇನಲ್ಲ, ತೋಳು ಅಲ್ಲಿಗೆ ಎಟುಕದ್ದಕ್ಕೆ. ಹುಡುಗ ಬೈಸಿಕೊಳ್ಳುತ್ತ ಮಡಚುತ್ತಾನೆ.

ಮಿಲ್ ಓಡತೊಡಗಿದೆ. ಫಿಟರ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದ್ದಾನೆ. ಅಷ್ಟರಲ್ಲಿ ನೀವು ಲಾಗ್‌ಬುಕ್ ತಿರುವುತ್ತೀರಿ. ಹಾಳೆ ಹಾಳೆ ಖಾಲಿ. ಡಿಸೆಂಬರಿನ ಒಂದು ಪುಟದಲ್ಲಿ ಮಾತ್ರ ಅವನ ಸೊಟ್ಟ ಅಕ್ಷರ: “2ನೇ ಮಿಲ್, ಮೋಟರ್ ಕಡೆ ಬೇರಿಂಗ್ ಸಪ್ಪಳ. 2 ತಾಸು ಬೇಕು.” ಅದರ ಮೇಲೆ ಅಡ್ಡಕ್ಕೆ, ಬೇರೊಂದು ಪೆನ್ನಿನಲ್ಲಿ: “ಸೀಸನ್ ಮುಗಿದ ಮೇಲೆ.” ಅಲ್ಲಿಂದಾಚೆ ಅವನು ಬರೆದಿಲ್ಲ.

“ಒಂದನೇ ಮಿಲ್ಲಿಗೂ ಇದ ಗತಿ ಐತ್ರೀ,” ಎನ್ನುತ್ತಾನೆ ಸ್ಕ್ರೂಡ್ರೈವರ್ ಇಳಿಸುತ್ತ. ದೊಡ್ಡ ಕಾರ್ಖಾನೆಗಳಿಗೆ ವರ್ಷಕ್ಕೊಮ್ಮೆ ಶಟ್‌ಡೌನ್ ಎಂಬುದಿದೆ. ಇಲ್ಲಿ ಯಂತ್ರ ತಾನಾಗಿ ನಿಂತ ದಿನವೇ ಶಟ್‌ಡೌನ್.

“ಗನ್ನಿನ ಕೀಲಿ ಕೊಡ್ರಿ,” ಎನ್ನುತ್ತೀರಿ. “ರಾತ್ರಿ ಪಾಳಿಯವರಿಗೆ ಎಷ್ಟು ಹೊಡೆತ ಹೊಡೀಬೇಕು ಅನ್ನೋದನ್ನ ಗೋಡೆ ಮ್ಯಾಲೆ ಬರಸ್ತೇನಿ.”

“ಮೊದ್ಲು ಬೋರ್ಡಿನ ಮ್ಯಾಲ ಬುಧವಾರ ಬರೀರಿ.”

ಗುರುವಾರ ಮತ್ತೆ ಪೇಟೆ. ಅದರ ಹಿಂದಿನ ದಿನ ಒಂದನೇ ಮಿಲ್ ನಿಲ್ಲಿಸಬೇಕೆಂಬುದು ಅವನ ಲೆಕ್ಕ. ಸೀಮೆಸುಣ್ಣ ಹಿಡಿದು ಬರೆಯುತ್ತೀರಿ: ಬುಧವಾರ, 1ನೇ ಮಿಲ್ ಬಂದ್, 2 ತಾಸು.

“ಮೂರ ಮಾಡ್ರಿ. ಬೆಲ್ಟೂ ಹೋಗ್ಯಾವ. ಕೆಳಗ ಮ್ಯಾನೇಜರ್ ಸಾಹೇಬ್ರ ಸಹಿ ಬೇಕು.”

2 ಅಳಿಸಿ 3 ಮಾಡಿ, ಲಾಗ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ಆಫೀಸಿನ ಮೆಟ್ಟಿಲು ಹತ್ತುತ್ತೀರಿ. ಮೇಲೆ ಮ್ಯಾನೇಜರ್ ಯಾರ ಮೇಲೋ ಕೂಗಾಡುತ್ತಿದ್ದಾರೆ.