ಕಾವು ಎತ್ತುವ ಏತ

ನಾಗಪುರದ ಬಿಸಿಲಿನ ಸುದ್ದಿ ತೆಗೆದರೆ ಕಲಬುರಗಿಯ ನಮ್ಮ ಬೀಗರು ನಗುತ್ತಾರೆ. 'ಬಿಸಿಲಿನ ಮಾತು ನಮ್ಮ ಮುಂದ ಆಡ್ತೀರೇನ್ರಿ?' ಎನ್ನುತ್ತಾರೆ. ಆಗ ನಾನು 2013ರ ಮೇ 23ನ್ನು ಮುಂದಿಡುತ್ತೇನೆ. ಅಂದು ನಾಗಪುರದಲ್ಲಿ ಪಾದರಸ 47.9 ಡಿಗ್ರಿ ಮುಟ್ಟಿತ್ತು. ನಮ್ಮ ಕಡೆ ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ. ಇಲ್ಲಿ ಸೂರ್ಯ ಅದೇ ರೋಹಿಣಿಗೆ ಕಾಲಿಟ್ಟನೆಂದರೆ 'ನೌತಪಾ', ಮೇ ಕೊನೆಗೆ ಶುರುವಾಗುವ ಒಂಬತ್ತು ದಿನಗಳ ಕಾದ ಹಂಚು. ನಕ್ಷತ್ರಗಳೂ ಊರು ನೋಡಿ ಮಣೆ ಹಾಕುತ್ತವೆ.

ಮಗಳ ನೌಕರಿ ನಮ್ಮನ್ನು ನಾಗಪುರದ ಮಿಹಾನ್‌ಗೆ ತಂದಿತು. ಸರಕು ವಿಮಾನಗಳ ದೊಡ್ಡ ತಾಣವಾಗಬೇಕೆಂಬ ಕನಸಿನಲ್ಲಿ ವಿಮಾನ ನಿಲ್ದಾಣದ ಪಕ್ಕ ಹುಟ್ಟಿದ ಜಾಗ ಇದು. ಟಿಸಿಎಸ್, ನಮ್ಮ ಬೆಂಗಳೂರಿನ ಇನ್ಫೊಸಿಸ್, ಏಮ್ಸ್ ಆಸ್ಪತ್ರೆ, ಬೋಯಿಂಗ್ ವಿಮಾನಗಳನ್ನು ರಿಪೇರಿ ಮಾಡುವ ಹ್ಯಾಂಗರ್ ಎಲ್ಲ ಇಲ್ಲಿವೆ. ನಡುನಡುವೆ ಬೋಳು ಬಯಲು, ಮುಗಿಯದ ಕಟ್ಟಡಗಳು. ಎರೆಮಣ್ಣಿನ ಧೂಳಿಗೆ ಮಾತ್ರ ಯಾವ ಗೇಟಿನಲ್ಲೂ ಪಾಸ್ ಕೇಳುವುದಿಲ್ಲ.

ಹಳೆಯ ನಾಗಪುರಿಗರ ನಂಬುಗೆ ಇಂದಿಗೂ ಕೂಲರ್ ಮೇಲೆ. ಕಿಟಕಿಗೆ ಕಬ್ಬಿಣದ ಡಬ್ಬ, ಅದರ ಮೈಗೆ ಲಾವಂಚ, ಒಳಗೆ ನೀರು. ಮೇ ತಿಂಗಳ ಒಣಗಾಳಿ ಆ ನೀರನ್ನು ಕುಡಿಯುತ್ತ ತಂಪಾಗುತ್ತದೆ, ಮನೆಯೆಲ್ಲ ದೇವರಮನೆಯಂತೆ ಘಮಘಮ. ಜೂನ್‌ನಲ್ಲಿ ಮಳೆ ಬಂದು ಗಾಳಿಯೇ ನೆಂದಾಗ ಈ ವಿದ್ಯೆ ನಡೆಯುವುದಿಲ್ಲ, ಮೈಯೆಲ್ಲ ಅಂಟಂಟು. ಆಗ ಕೂಲರ್‌ಭಕ್ತರೂ ಏಸಿ ಇರುವ ನೆಂಟರನ್ನು ನೆನೆಯುತ್ತಾರೆ.

ನಮ್ಮ ಏಸಿ ನೋಡಲು ಬರುವ ಮೆಕ್ಯಾನಿಕ್ ಹುಡುಗ ನನಗೆ ಕಾಕಾಜಿ ಎನ್ನುತ್ತಾನೆ. ಬಂದವನು ಒಳಗಿನ ಪೆಟ್ಟಿಗೆಯ ಕಡೆ ತಿರುಗಿಯೂ ನೋಡದೆ ಸೀದಾ ಬಾಲ್ಕನಿಗೆ ನಡೆದ. 'ಕಾಕಾಜಿ, ಎಲ್ಲರೂ ತಂಪು ಬರುವ ಕಡೆ ನೋಡ್ತಾರೆ. ಬಿಸಿ ಹೋಗುವ ಕಡೆ ಯಾರೂ ನೋಡಲ್ಲ,' ಎಂದ. ಯಾವ ಶರಣರ ಬಾಯಲ್ಲಾದರೂ ಒಪ್ಪುವ ಮಾತು.

ನಿಜವಾಗಿ ಏಸಿ ತಂಪನ್ನು ಹುಟ್ಟಿಸುವುದೇ ಇಲ್ಲ. ಅದು ಏತ. ನೀರು ತಾನಾಗಿ ಹರಿಯುವುದು ಇಳಿಜಾರಿಗೆ, ಕಾವು ತಾನಾಗಿ ಹರಿಯುವುದು ತಂಪಿನ ಕಡೆಗೆ. ಏಸಿ ಅದನ್ನು ತಂಪು ಕೋಣೆಯಿಂದ ಎತ್ತಿ ಸುಡುವ ಬಯಲಿಗೆ ಸುರಿಯಬೇಕು. ಹೊರಗಿನ ಬಿಸಿ ಏರಿದಷ್ಟೂ ಬಾವಿ ಆಳವಾಯಿತು. ಒಂದೂವರೆ ಟನ್ನಿನ ಏಸಿ ಸುಮಾರು 5 ಕಿಲೋವಾಟ್ ಕಾವನ್ನು ಎತ್ತುತ್ತದೆ. ಅದಕ್ಕಾಗಿ ತಾನು ತಿಂದ ಒಂದೂವರೆ ಕಿಲೋವಾಟ್ ಕರೆಂಟನ್ನೂ ಕಾವಾಗಿಸಿ ಹೊರಗೇ ಚೆಲ್ಲುತ್ತದೆ. ಏಸಿಯ ಮೇಲಿನ ಸ್ಟಾರ್ ರೇಟಿಂಗಿನ ನಕ್ಷತ್ರಗಳ ಲೆಕ್ಕ ಹಾಕುವವರು ಹೊರಗೆ 24ರಿಂದ 43 ಡಿಗ್ರಿ ಇರುತ್ತದೆಂದು ಹಿಡಿದಿದ್ದಾರೆ. ನಾಗಪುರದ ಮೇ ತಿಂಗಳು ಆ ಗೆರೆಯನ್ನು ಎಷ್ಟೋ ಮಧ್ಯಾಹ್ನ ದಾಟುತ್ತದೆ.

ಇಂಥ ಊರಿನಲ್ಲಿ ಏಸಿಯ ಹೊರಪೆಟ್ಟಿಗೆ, ಅಂದರೆ ಔಟ್‌ಡೋರ್‌ನ ಕಾಯಿಲ್ ಧೂಳಿನ ಕಂಬಳಿ ಹೊದ್ದಿದ್ದರೆ ಕಾವು ಹೋಗುವುದಾದರೂ ಎಲ್ಲಿಗೆ? ಹುಡುಗ ಮೊದಲು ಮೇನ್ ಸ್ವಿಚ್ ಆರಿಸಿದ. ಹಿಂದೆ ಸಂಸಾರ ಹೂಡಿ, ಮರಿ ಬೆಳೆಸಿ, ಮನೆ ಖಾಲಿ ಮಾಡಿ ಹೋಗಿದ್ದ ಪಾರಿವಾಳಗಳ ಕಡ್ಡಿಕಸ ತೆಗೆದ. ಬಳಿಕ ಹಗುರವಾಗಿ ನೀರು ಹೊಡೆದ. ಜೋರಾಗಿ ಹೊಡೆದರೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ ಗಾಳಿಯ ದಾರಿಯನ್ನೇ ಮುಚ್ಚುತ್ತವಂತೆ. ಇಳಿದ ನೀರು ಎರೆಹೊಲದ ಕೆಸರಿನ ಬಣ್ಣದ್ದು.

ಒಳಗಿನ ಫಿಲ್ಟರ್ ತೊಳೆಯುವುದು ಮನೆಯವರದೇ ಕೆಲಸ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನಲ್ಲಿಯ ಕೆಳಗೆ ಹಿಡಿದು, ನೆರಳಲ್ಲಿ ಒಣಗಿಸಿ ಹಾಕಿದರೆ ಸಾಕು. ಇಷ್ಟು ಸಣ್ಣ ಕೆಲಸಕ್ಕೆ ಶೇ 5ರಿಂದ 15ರಷ್ಟು ಕರೆಂಟು ಉಳಿದೀತೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ನಮ್ಮ ಇಂಧನ ದಕ್ಷತಾ ಬ್ಯೂರೋ (ಬಿಇಇ) ಹೇಳುವುದು ಇನ್ನೂ ಸುಲಭ: ರಿಮೋಟಿನಲ್ಲಿ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಉಳಿತಾಯ. 2020ರಿಂದ ಹೊಸ ಏಸಿಗಳು ಶುರುವಾದಾಗ 24ರಲ್ಲೇ ಇರಬೇಕೆಂಬ ನಿಯಮವೂ ಬಂದಿದೆ. ಆದರೂ ಹದಿನೆಂಟಕ್ಕೆ ಇಳಿಸಿ ರಗ್ಗು ಹೊದ್ದು ಮಲಗುವವರಿದ್ದಾರೆ. ಅವರ ಆ ರಗ್ಗಿಗಾಗಿ ನಗರದ ಉತ್ತರಕ್ಕೆ ಕೊರಾಡಿಯಲ್ಲಿ ಕಲ್ಲಿದ್ದಲು ಉರಿಯುತ್ತಿರುತ್ತದೆ.

ಇನ್ನು ಗ್ಯಾಸ್. ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸಬೇಕೆಂಬ ನಂಬಿಕೆ ಎಷ್ಟೋ ಮೆಕ್ಯಾನಿಕ್‌ಗಳ ಮಕ್ಕಳ ಫೀಸು ಕಟ್ಟಿದೆ. ಗ್ಯಾಸ್ ಖರ್ಚಾಗುವ ವಸ್ತುವಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ತೂತು ಹುಡುಕದೆ ತುಂಬಿಸಿದರೆ ಬರುವ ವರ್ಷ ಮತ್ತೆ ಅದೇ ಹರಿಕಥೆ. ನಮ್ಮ ಹುಡುಗ ಗೇಜ್ ಹಚ್ಚಿ ನೋಡಿ, 'ಗ್ಯಾಸ್ ಸರಿಯಿದೆ' ಎಂದು ಸರ್ವಿಸಿಂಗ್ ಹಣ ಮಾತ್ರ ಪಡೆದ. ನಮ್ಮಾಕೆ ಮೆಚ್ಚಿ ಅವನಿಗೆ ಎರಡನೇ ಲೋಟ ಚಹಾ ಕೊಟ್ಟಳು.

ಹೋಗುವಾಗ ಅವನು ಬಗ್ಗಿ ಕೆಳಗೆ ತೋರಿಸಿದ. ಎರಡು ಬ್ಲಾಕುಗಳ ನಡುವಿನ ಇಕ್ಕಟ್ಟಿನ ಸಂದಿಗೆ ಎಲ್ಲ ಮನೆಗಳ ಔಟ್‌ಡೋರ್‌ಗಳೂ ಬಾಯಿ ಮಾಡಿವೆ. ಕೆಳಗಿನವರ ಯಂತ್ರ ಬಿಟ್ಟ ಬಿಸಿಯುಸಿರೇ ನಮ್ಮ ಯಂತ್ರ ಎಳೆದುಕೊಳ್ಳುವ ಗಾಳಿ. ಸೊಸೈಟಿಯ ಸಭೆಯಲ್ಲಿ ಈ ಮಾತೆತ್ತಿ, ಎಲ್ಲರೂ ಬೇಸಿಗೆಗೆ ಮುಂಚೆ ಒಟ್ಟಿಗೇ ಸರ್ವಿಸಿಂಗ್ ಮಾಡಿಸೋಣ ಎಂದೆ. ಪಾರ್ಕಿಂಗ್ ತಕರಾರು ಮುಗಿಯಲಿ, ನೋಡೋಣ ಎಂದರು ಕಾರ್ಯದರ್ಶಿ. ಪಾರ್ಕಿಂಗ್ ತಕರಾರು ಮುಗಿದ ಸೊಸೈಟಿ ಭೂಮಿಯ ಮೇಲಿಲ್ಲ. ಹಾಗಾಗಿ ಕೆಳಗಿನ ಮನೆಯವರ ಔಟ್‌ಡೋರ್ ತೊಳೆಸುವ ಖರ್ಚನ್ನು ನಾನೇ ಕೊಟ್ಟೆ. ಕರ್ನಾಟಕದವರು ಬಹಳ ಉದಾರಿಗಳೆಂದು ಅವರು ಈಗ ಎಲ್ಲರೆದುರು ಹೊಗಳುತ್ತಾರೆ. ನನ್ನ ಕರೆಂಟ್ ಬಿಲ್ಲಿನ ಲೆಕ್ಕವನ್ನು ನಾನು ಅವರಿಗೆ ಬಿಡಿಸಿ ಹೇಳಲು ಹೋಗಿಲ್ಲ.