ಆಯಿ, ಕರಿಯ ಮತ್ತು ಹಣ್ಣಿನ ತಟ್ಟೆ

ಪುಣೆಯ ಕೋಥರೂಡಿನ ಮೂರನೇ ಮಹಡಿಯ ಮನೆಯೊಂದರಲ್ಲಿ ಕನ್ನಡ ತಿಳಿಯುವ ನಾಯಿಯೊಂದಿದೆ. ಸೊಸೆ ಮರಾಠಿಯವಳು. ಮೊಮ್ಮಗನ ಆಟ-ಪಾಠವೆಲ್ಲ ಮರಾಠಿ, ಇಂಗ್ಲಿಷು. ಮಗನ ಬಾಯಲ್ಲಿ ಕನ್ನಡ ಬರುವುದು ರಾತ್ರಿ ಊಟದ ಹೊತ್ತಿಗೆ. ಎರಡು ವರ್ಷದ ಹಿಂದೆ ಶಿರಸಿ ಕಡೆಯ ಹಳ್ಳಿಯಿಂದ ಬಂದ ಆಯಿಯ ಮಾತನ್ನು ಹಗಲಿಡೀ ಕೇಳಿಸಿಕೊಳ್ಳುವವನು ಕರಿಯ ಒಬ್ಬನೇ. ಬೀದಿಯಿಂದ ತಂದ ನಾಯಿ, ಈಗ 15 ಕಿಲೋ ತೂಗುತ್ತದೆ. ‘ಬಾ’, ‘ಕೂತ್ಕೊ’, ‘ಸಾಕು’ ಅವನಿಗೆ ಗೊತ್ತು. ಮೂರನೆಯದನ್ನು ಆಯಿ ಹೇಳುವುದು ಅಪರೂಪ, ಯಾಕೆಂದರೆ ಆಯಿಯ ಪ್ರೀತಿ ಹರಿಯುವುದು ಕೈತುತ್ತಿನಲ್ಲಿ.

ಕಳೆದ ಚೌತಿಯ ದಿನ ಪಾಯಸದಿಂದ ಆರಿಸಿದ ಏಳೆಂಟು ಒಣದ್ರಾಕ್ಷಿಗಳು ಹಾಗೆಯೇ ಕರಿಯನ ಬಾಯಿಗೆ ಹೋದವು. ಸೊಸೆ ನೋಡಿದಳು, ಯಾರನ್ನೂ ಕೇಳದೆ ನಾಯಿಯನ್ನು ಕಾರಿಗೆ ಹತ್ತಿಸಿದಳು. ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು, ಎರಡು ದಿನ ಡ್ರಿಪ್ ಹಾಕಿದರು, ಮೂರು ದಿನ ರಕ್ತ ಪರೀಕ್ಷಿಸಿ ಕಿಡ್ನಿ ಸರಿಯಿದೆ ಎಂದ ಮೇಲೆ ಕಳಿಸಿದರು. ಕರಿಯನಿಗೆ ಏನೂ ಆಗಲಿಲ್ಲ. ಆದರೆ ಆಯಿ ಅವನಿಗೆ ಏನನ್ನೂ ಕೊಡುವುದನ್ನೇ ಬಿಟ್ಟರು. ಕೊಡುವುದು ನಿಂತ ಮೇಲೆ ಮಾತೂ ಕಡಿಮೆಯಾಯಿತು.

“ನಮ್ಮನೆ ನಾಯಿ ಎಂತ ಕೊಟ್ರೂ ತಿಂತಿತ್ತು. ಎಂತದೂ ಆಗಿದ್ದಿಲ್ಲ ತಮಾ,” ಎಂದರು ಒಂದು ರಾತ್ರಿ. ಮಗ ವಾದ ಮಾಡಲಿಲ್ಲ. ಆ ಮಾತಿನಲ್ಲಿ ಅರ್ಧ ನಿಜವಿದೆ. ಅಂಗಳದ ನಾಯಿಗೆ ಸಿಗುತ್ತಿದ್ದದ್ದು ಮಜ್ಜಿಗೆ ಅನ್ನ, ಗಂಜಿ, ಬಿದ್ದ ಹಲಸಿನ ತೊಳೆ. ದ್ರಾಕ್ಷಿ ಆ ಮನೆಗೆ ಬರುತ್ತಿದ್ದದ್ದೇ ಹಬ್ಬಕ್ಕೊಮ್ಮೆ. ಉಳಿದರ್ಧವನ್ನು ಯಾರೂ ಲೆಕ್ಕ ಇಟ್ಟಿಲ್ಲ. ಒಂದು ದಿನ ಊಟ ಬಿಟ್ಟು ಕೊಟ್ಟಿಗೆಯ ಹಿಂದೆ ಮಲಗಿದ ನಾಯಿಗೆ ‘ವಯಸ್ಸಾಯ್ತು’ ಎನ್ನುತ್ತಿದ್ದರು. ಅದರ ರಕ್ತವನ್ನು ಪರೀಕ್ಷಿಸಿದವರಿಲ್ಲ.

ದ್ರಾಕ್ಷಿಯ ಅಪಾಯ ಪಶುವೈದ್ಯರಿಗೂ ತಡವಾಗಿಯೇ ತಿಳಿದದ್ದು. ಅಮೆರಿಕದ ಎ.ಎಸ್.ಪಿ.ಸಿ.ಎ. ಸಂಸ್ಥೆಯ ಪ್ರಾಣಿ ವಿಷ ನಿಯಂತ್ರಣ ಕೇಂದ್ರದವರು ಈ ಬಗ್ಗೆ 2001ರಲ್ಲಿ ಬರೆದರು. ಕಾರಣ ಮಾತ್ರ ಇಪ್ಪತ್ತು ವರ್ಷ ಸಿಗಲಿಲ್ಲ. 2021ರಲ್ಲಿ ಅಲ್ಲಿಯ ವೈದ್ಯರೇ ಟಾರ್ಟಾರಿಕ್ ಆಮ್ಲದತ್ತ ಬೆರಳು ತೋರಿಸಿದರು. ಆ ಆಮ್ಲದ ಲವಣ ಬೆರೆಸಿ ಮನೆಯಲ್ಲಿ ಮಾಡಿದ ಆಟದ ಹಿಟ್ಟನ್ನು ತಿಂದ ನಾಯಿಗೂ ದ್ರಾಕ್ಷಿ ತಿಂದ ನಾಯಿಯಂತೆಯೇ ಕಿಡ್ನಿ ಕೆಟ್ಟದ್ದು ಅವರಿಗೆ ಸುಳಿವಾಯಿತು. ಒಂದೊಂದು ಹಣ್ಣಿನಲ್ಲಿ ಆಮ್ಲದ ಪ್ರಮಾಣ ಒಂದೊಂದು ಥರ. ಆದ್ದರಿಂದ ‘ಇಷ್ಟು ತಿಂದರೆ ಪರವಾಗಿಲ್ಲ’ ಎಂಬ ಗೆರೆ ಎಳೆಯಲಾಗದು. ವಾಂತಿ ಸಾಮಾನ್ಯವಾಗಿ ಮೊದಲ ದಿನವೇ ಶುರುವಾಗುತ್ತದೆ. ಕಿಡ್ನಿ ಸೋಲುವುದು ಒಂದರಿಂದ ಮೂರು ದಿನಗಳಲ್ಲಿ. ಲಕ್ಷಣ ಕಾಣಲಿ ಎಂದು ಕಾಯಬಾರದು. ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂಬಾರದು, ಉಪ್ಪೇ ವಿಷವಾದೀತು.

ಕನ್ನಡದ ಅಡುಗೆಮನೆಗೆ ನಿಜವಾಗಿ ತಟ್ಟುವ ಸಂಗತಿ ಇದರ ಮುಂದಿನದು. ಟಾರ್ಟಾರಿಕ್ ಆಮ್ಲ ದ್ರಾಕ್ಷಿಗಿಂತಲೂ ಹುಣಸೆಯಲ್ಲಿ ಹೆಚ್ಚು. ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿ 2022ರಲ್ಲಿ ಪ್ರಕಟವಾಗಿದೆ. ಬೇರೆ ದೇಶದ ಪಟ್ಟಿಗಳಲ್ಲಿ ದ್ರಾಕ್ಷಿ ಮೊದಲಿಗೇ ಇರುತ್ತದೆ, ಹುಣಸೆ ಹುಡುಕಿದರೂ ಸಿಗುವುದು ಕಷ್ಟ. ನಮ್ಮಲ್ಲಿ ಹುಣಸೆಹುಳಿ ಇಲ್ಲದ ದಿನವೇ ಕಡಿಮೆ. ಕಿವುಚಿದ ಹುಣಸೆಯ ಉಂಡೆ ಸಿಂಕಿನ ಪಕ್ಕದ ಬುಟ್ಟಿಯಲ್ಲಿರುತ್ತದೆ, ನಾಯಿಯ ಮೂಗಿಗೆ ಎಟಕುವ ಎತ್ತರದಲ್ಲೇ.

ಇದನ್ನೆಲ್ಲ ಮಗ ಆಯಿಗೆ ಕನ್ನಡದಲ್ಲಿ, ನಿಧಾನವಾಗಿ ಹೇಳಿದ. ಆಯಿ ಕೇಳಿದ್ದು ಒಂದೇ ಪ್ರಶ್ನೆ: “ಹಂಗಾದ್ರೆ ಎಂತ ಕೊಡ್ಲಿ?”

ಕೊಡಬಹುದಾದ್ದು ಬಹಳವಿದೆ. ಬೆಕ್ಕಿಗೆ ಸಿಹಿ ರುಚಿ ತಿಳಿಯದು, ನಾಯಿಗೆ ತಿಳಿಯುತ್ತದೆ. ಹಣ್ಣು ಕಂಡರೆ ಅದು ಬಾಲ ಅಲ್ಲಾಡಿಸುವುದು ನಟನೆಯಲ್ಲ. ಬಾಳೆಹಣ್ಣು, ಬೀಜ ತೆಗೆದ ಪಪ್ಪಾಯಿ, ಸಿಪ್ಪೆ-ಬೀಜ ಇಲ್ಲದ ಕಲ್ಲಂಗಡಿ, ಬೀಜದ ಗೂಡು ಕೊರೆದ ಸೇಬು, ಸಿಪ್ಪೆ ಸುಲಿದ ಮಾವಿನ ಹೋಳು ಇವೆಲ್ಲ ಆದೀತು. ಮಾವಿನ ಗೊರಟೆ ಮಾತ್ರ ಬೇಡ. ಚೀಪಲೆಂದು ಕೊಟ್ಟದ್ದನ್ನು ನಾಯಿ ನುಂಗಿಬಿಡುತ್ತದೆ, ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಸೀತಾಫಲ, ಚಿಕ್ಕು ಬೀಜಗಳೂ ಬೇಡ. ಬೆಣ್ಣೆಹಣ್ಣನ್ನೂ ದೂರವಿಡುವುದು ಲೇಸು.

ಇನ್ನು ಅಳತೆ. ತಿಂಡಿ-ಹಣ್ಣೆಲ್ಲ ಸೇರಿ ದಿನದ ಆಹಾರದ ಶೇಕಡಾ 10 ಮೀರಬಾರದು ಎನ್ನುತ್ತಾರೆ ವೈದ್ಯರು. ಕರಿಯನ ತೂಕದ ನಾಯಿಗೆ ದಿನಕ್ಕೆ ಸುಮಾರು 800 ಕ್ಯಾಲೊರಿ ಸಾಕು. ಹಣ್ಣಿನ ಪಾಲಿಗೆ 80, ಅಂದರೆ ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿಗಿಂತ ತುಸು ಕಡಿಮೆ. ಸಕ್ಕರೆ ಕಾಯಿಲೆಯಿರುವ ನಾಯಿಗೆ ಡಾಕ್ಟರನ್ನು ಕೇಳಿಯೇ ಕೊಡಬೇಕು.

ಈಗ ಮಧ್ಯಾಹ್ನ ಮೂರಕ್ಕೆ ಆಯಿ ಈಳಿಗೆಮಣೆ ಮುಂದೆ ಕೂರುತ್ತಾರೆ, ಕರಿಯ ಎದುರಿಗೆ ಕೂರುತ್ತಾನೆ. ಅರ್ಧ ಸೇಬು ಹದಿನಾರು ಹೋಳಾಗುತ್ತದೆ. ಹೋಳಿಗೊಂದು ಮಾತು. ಕೊಡದಿರುವವುಗಳ ಪಟ್ಟಿಯನ್ನು ಆಯಿಯೇ ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾರೆ. ಅಡುಗೆಗೆ ಬರುವ ಬಾಯಿಗೂ ತಿಳಿಯಲೆಂದು ಸೊಸೆ ಪಕ್ಕದಲ್ಲಿ ಮರಾಠಿ ಬರೆಯಲು ಕೂತಳು. ದ್ರಾಕ್ಷಿಗೆ ಕೇಳಬೇಕಾಗಲಿಲ್ಲ, ಅಲ್ಲಿಯೂ ದ್ರಾಕ್ಷವೇ. ಹುಣಸೆಯ ಹತ್ತಿರ ನಿಂತು, “ಆಯಿ, ಇದೇನು?” ಎಂದು ಮರಾಠಿಯಲ್ಲಿ ಕೇಳಿದಳು. ಆಯಿ ಡಬ್ಬಿ ತೆರೆದು ತೋರಿಸಿದರು. “ಚಿಂಚ್,” ಎಂದಳು ಸೊಸೆ. “ಹುಣಸೆ,” ಎಂದರು ಆಯಿ, ಅವಳು ಸರಿಯಾಗಿ ಹೇಳುವವರೆಗೂ.