ಧಾತು ಸಂವತ್ಸರದಲ್ಲಿ ಊರು ಬಿಟ್ಟವನು

ಧಾರಾವಿಯ ನಮ್ಮ ಮನೆಗೆ ಸರ್ವೆಯವರು ಬರುತ್ತಾರೆಂದು ಗೊತ್ತಾದ ದಿನ ಅವ್ವ ಟ್ರಂಕನ್ನು ನೆಲಕ್ಕೆ ಸುರಿದಳು. ರೇಷನ್ ಕಾರ್ಡು, ಹಳೆಯ ಕರೆಂಟ್ ಬಿಲ್ಲು, ಅಪ್ಪನ ಓಟಿನ ಚೀಟಿ. 2000ದ ಜನವರಿ 1ಕ್ಕಿಂತ ಮೊದಲಿನಿಂದ ಕೆಳಮನೆಯಲ್ಲಿ ಇದ್ದವರಿಗೆ ಇಲ್ಲೇ 350 ಚದರ ಅಡಿಯ ಮನೆ ಪುಕ್ಕಟೆ. ಆ ತಾರೀಖಿನ ಆಚೆಯ ಒಂದು ಕಾಗದ ಬೇಕಿತ್ತು.

ಟ್ರಂಕಿನ ತಳದಲ್ಲಿ ವಿಜಾಪುರ ಕಡೆಯ ನಮ್ಮೂರಿನ ಹೊಲದ ಉತಾರವೊಂದು ಸಿಕ್ಕಿತು. ಅದರಲ್ಲಿ ನನ್ನ ಹೆಸರಿತ್ತು! ಕಾಗದವೋ ಮುಟ್ಟಿದರೆ ಪುಡಿಯಾಗುವಂಥದ್ದು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ.

"ನಿಮ್ಮಜ್ಜಂದೂ ಅಲ್ಲ ಅದು, ಅವರಜ್ಜಂದು. ಬರದಾಗ ಮುಂಬೈಗೆ ಓಡಿ ಹೋಗಿದ್ನಂತ" ಎಂದಳು ಅವ್ವ. "ಹೆಳವರನ್ನ ಕೇಳು."

ಹೆಳವರು ಗೊತ್ತಲ್ಲ? ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಬಾಗಿಲಲ್ಲಿ ನಿಂತು ಮನೆತನದ ವಂಶಾವಳಿ ಹೇಳಿ, ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸಿಕೊಂಡು ಜೋಳ ಒಯ್ಯುವವರು. ಧಾರಾವಿಯವರೆಗೆ ಅವರು ಬರುವುದಿಲ್ಲ. ದೊಡ್ಡಪ್ಪ ಫೋನ್ ಮಾಡಿದ ರಾತ್ರಿಯೇ ಬಸ್ಸು ಹತ್ತಿದೆ.

ಹೆಳವಜ್ಜ ಹೇಳಿದ್ದು ಎರಡೇ ಮಾತು. ಧಾತು ಸಂವತ್ಸರದಲ್ಲಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಒಬ್ಬನ ಜೊತೆ ತಿರುಗಿ ಬಂದ.

ಧಾತು 60 ವರ್ಷಕ್ಕೊಮ್ಮೆ ಬರುತ್ತದೆ: 1816, 1876, 1936. 1936ಕ್ಕೆ ನನ್ನಜ್ಜನೇ ಮೀಸೆ ಮೂಡಿದ ಹುಡುಗ. 1816ಕ್ಕೆ ಹೋಗಲು ತಲೆಮಾರು ಸಾಲವು. ಹಾಗಾದರೆ 1876, ದಖ್ಖನ್ ಪೂರಾ ಮಳೆ ಕೈಕೊಟ್ಟ ವರ್ಷ. ಆಗ ನಮ್ಮ ಸೀಮೆಗೆ ಕಲಾದಗಿ ಜಿಲ್ಲೆ ಎಂದು ಹೆಸರು. ಸೊಲ್ಲಾಪುರಕ್ಕೆ ರೈಲು ಬಂದು ಆಗಲೇ 16 ವರ್ಷ. ಅವನು ಅಲ್ಲಿಂದ ರೈಲು ಹತ್ತಿ ನಾವಿರುವ ಊರನ್ನು ಮೊದಲೇ ನೋಡಿದ್ದನೆಂದು ನಂಬಲು ನನಗೆ ಆಸೆ.

"ಮುಂಬೈ ಅಂತ ಇಲ್ರೀ ಇದರಾಗ" ಎಂದ ಹೆಳವಜ್ಜ. "ಬಡಗಲಕ್ಕ ಅಂತ ಐತಿ, ಅಷ್ಟ."

ಉಳಿಯದ ಮಗನ ಹೆಸರು ಹೊತ್ತಿಗೆಯಲ್ಲಿತ್ತು. ನನ್ನ ಅಪ್ಪನ ಹೆಸರೇ. ಇಂಥ ಹೆಸರನ್ನು ಮತ್ತೆ ಇಡುವಾಗ ಮನೆಯವರಿಗೆ ಅದು ಯಾರದೆಂದು ನೆನಪಿತ್ತೋ ಏನೋ. ಮಕ್ಕಳ ತಾಯಿಯದು ಮಾತ್ರ ತವರೂರಷ್ಟೇ ಇತ್ತು. ಅವಳೂ ಬಡಗಲಕ್ಕೆ ಹೋದಳೋ, ಬಾಗಿಲು ಕಾಯುತ್ತ ಕೂತಳೋ?

ನನ್ನ ಸರದಿ ಬಂತು. ಮಗನನ್ನು ಬರೆದುಕೊಂಡ.

"ಮಗಳನ್ನೂ ಬರಕೊಳ್ರಿ, ಅಜ್ಜಾರ."

"ಹೆಣ್ಣುಮಕ್ಕಳು ಗಂಡನ ಮನಿ ಹೊತ್ತಿಗಿಗೆ ಹೋಗ್ತಾರ್ರೀ."

"ಇರಲಿ, ಬರೀರಿ."

ಅವನು ನನ್ನ ಮುಖ ನೋಡಿದ. ದೊಡ್ಡಪ್ಪ ಒಳಗಿನಿಂದ ಇನ್ನೆರಡು ಸೇರು ಜೋಳ ತಂದು ಚೀಲಕ್ಕೆ ಸುರಿದರು. ಹೆಳವಜ್ಜ ಪೆನ್ನಿನ ಮುಚ್ಚಳ ತೆಗೆದ.

"ಹೆಸರು ಹೇಳ್ರಿ. ಊರು ಏನಂತ ಹಾಕ್ಲಿ?"

"ಧಾರಾವಿ" ಅಂದೆ.